ಬೆರಕಿ ಗಿಟಾರು

ಬೆಟಗೇರಿಯ ನೇಕಾರರ ಓಣಿಯಲ್ಲಿ ಯಾವುದಾದರೂ ಕುಣಿಮಗ್ಗವನ್ನು ತೋರಿಸಿ ಇದು ಎಷ್ಟು ಹಳೇದು ಎಂದು ಕೇಳಿ ನೋಡಿ, ಸರಿಯಾದ ಉತ್ತರ ಸಿಗುವುದಿಲ್ಲ. ಕಂಬ ಅಜ್ಜನ ಕಾಲದ್ದು, ಹಣಿಗೆ ಹೋದ ವರ್ಷದ್ದು, ಲಾಳಿ ಪಕ್ಕದ ಮನೆಯಿಂದ ಕೈಗಡ ಬಂದು ಇಲ್ಲೇ ಉಳಿದದ್ದು. ಅಂಥ ಓಣಿಯಲ್ಲಿ ಬೆಳೆದ ನನ್ನ ತಂಗಿಯ ಮಗ "ಮಾಮಾ, ಹೊಸಾ ಗಿಟಾರ್ ತಗೊಳ್ಳೂಣು" ಅನ್ನಲಿಲ್ಲ. "ಇದನ್ನ ಚಲೋ ಮಾಡಸೂಣು" ಅಂದ. ಆ ಮಾತಿನಲ್ಲಿ ಖರ್ಚು ಕಡಿಮೆ ಇದೆ ಎಂದು ನಂಬಿ ನಾನೂ ಹೂಂ ಅಂದೆ.

'ಇದು' ಅಂದರೆ ಅವನ ಹತ್ತಿರ ಆಗಲೇ ಇದ್ದ ಎಲೆಕ್ಟ್ರಿಕ್ ಗಿಟಾರು. ಅದಕ್ಕೆ ಇಂಥದೇ ಊರು, ಇಂಥದೇ ಕಂಪನಿ ಎಂದು ಹೇಳುವ ಹಾಗಿರಲಿಲ್ಲ. ಬಾಡಿ ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕದ್ದು. ನೆಕ್ಕು ಕೋಲ್ಕತ್ತಾದಲ್ಲಿ ತಯಾರಾದ ಬೇರೊಂದು ಗಿಟಾರಿನದು. ಆ ಗಿಟಾರಿನ ಹೊಟ್ಟೆ ಟ್ರ್ಯಾಕ್ಸ್ ಗಾಡಿಯ ಮೇಲಿಂದ ಬಿದ್ದು ಒಡೆದಿತ್ತು. ಪಿಕಪ್ಪುಗಳು ಎಲ್ಲಿಂದ ಬಂದವೋ ಅವುಗಳಿಗೂ ನೆನಪಿರಲಿಲ್ಲ. ಮುಂದಿನ ತಗಡಿನ ಜಾಗದಲ್ಲಿ ನಮ್ಮ ಅಡಿಗೆಮನೆಯ ಕಟ್ಟೆಗೆ ಹಾಕಿ ಮಿಕ್ಕಿದ ಸನ್‌ಮೈಕಾ ಕೂತಿತ್ತು. ಗಣಪತಿ ಹಬ್ಬದ ರಸಮಂಜರಿಗಳಲ್ಲಿ ಇದನ್ನೇ ನೇತುಹಾಕಿಕೊಂಡು ಅವನು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಸಂಗೀತಕ್ಕೂ ನನಗೂ ಇರುವುದು ಸ್ಕೂಟರಿನ ಸಂಬಂಧ: ಅವನು ಹಿಂದೆ ಗಿಟಾರು ಹಿಡಿದು ಕೂರುತ್ತಾನೆ, ನಾನು ಓಡಿಸುತ್ತೇನೆ.

ಹೀಗೆ ಎಲ್ಲಿಯದೋ ಕುತ್ತಿಗೆಯನ್ನು ಎಲ್ಲಿಯದೋ ಹೊಟ್ಟೆಗೆ ಜೋಡಿಸಲು ಆಗುವುದಾದರೂ ಹೇಗೆ ಎಂದು ಕೇಳಿದೆ. ನಾಲ್ಕು ಸ್ಕ್ರೂ ಬಿಚ್ಚಿ ತೋರಿಸಿದ. ಅಷ್ಟೇ. ಅಮೆರಿಕದ ಲಿಯೋ ಫೆಂಡರ್ ಮಾಡಿದ ಉಪಕಾರವಂತೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ ಮನುಷ್ಯ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರು ಹೊರತಂದ. ಜಗತ್ತಿನ ಅರ್ಧ ಗಿಟಾರುಗಳು ಇವತ್ತಿಗೂ ಅದರ ಆಕಾರವನ್ನೇ ನಕಲು ಮಾಡುತ್ತವೆ. ಅದನ್ನು ಮಾಡಿದವನಿಗೆ ಮಾತ್ರ ಗಿಟಾರು ನುಡಿಸಲು ಬರುತ್ತಿರಲಿಲ್ಲ! ನುಡಿಸುವವರು ಮಾಡಿದ್ದರೆ ಕುತ್ತಿಗೆಯನ್ನು ಪಿಟೀಲಿನ ಹಾಗೆ ಅಂಟು ಹಾಕಿ ಶಾಶ್ವತ ಮಾಡುತ್ತಿದ್ದರು. ರಿಪೇರಿಯವನಾದ್ದರಿಂದ, ಕೆಟ್ಟರೆ ಬಿಚ್ಚಬೇಕಲ್ಲ ಎಂದು ಮೊದಲೇ ಯೋಚಿಸಿದ. ನನಗೆ ಈ ಫೆಂಡರ್ ಬಹಳ ಹಿಡಿಸಿದ. ಇಂಥವರು ನಮ್ಮ ಗದಗಿನ ಹಳೇ ಬಸ್ ಸ್ಟ್ಯಾಂಡಿನ ಸುತ್ತ ಈಗಲೂ ಕೂತಿದ್ದಾರೆ, ಹೆಸರಾಗಿಲ್ಲ ಅಷ್ಟೇ.

ಮೊದಲು ಬಾಡಿ. ಹಳೆಯದು ಪ್ಲೈವುಡ್ಡು, ಸ್ಕ್ರೂ ಹಿಡಿಯುತ್ತಿರಲಿಲ್ಲ. ನಮ್ಮ ಬಡಿಗೇರರ ಹತ್ತಿರ, ಕೆಡವಿದ ಮನೆಯೊಂದರ ಸಾಗವಾನಿ ಬಾಗಿಲು ಇತ್ತು. ಅವರು ಗಿಟಾರನ್ನು ಅಂಗಾತ ಮಲಗಿಸಿ ಪೆನ್ಸಿಲಿನಿಂದ ಸುತ್ತು ಹಾಕಿಕೊಂಡರು. ಆಮೇಲೆ ಶುರುವಾಯಿತು ವಾದ. ಕುತ್ತಿಗೆ ಕೂರುವ ಕುಳಿ ಬಿಗಿಯಾಗಿರಬೇಕು ಎಂದು ಅಳಿಯ. "ಮಳಿಗಾಲಕ್ಕ ಕಟಗಿ ಉಬ್ಬತೈತಿ, ಸ್ವಲ್ಪ ಸಡಲ ಬಿಡಬೇಕು ತಮ್ಮಾ, ನಾಳೆ ಮುಚ್ಚಲಿಕ್ಕ ಬರಂಗಿಲ್ಲ" ಎಂದು ಅವರು. ಗಿಟಾರನ್ನು ಮುಚ್ಚುವುದು ಎಲ್ಲಿಂದ ಬಂತೋ. ಐವತ್ತು ವರ್ಷ ಬಾಗಿಲು ಮಾಡಿದವರಿಗೆ ಎರಡು ಕಟ್ಟಿಗೆ ಸೇರುವ ಜಾಗವೆಲ್ಲ ಬಾಗಿಲೇ.

ಇನ್ನು ಬ್ರಿಜ್ಜು ಕೂರಿಸುವ ಲೆಕ್ಕ. ನಟ್ಟಿನಿಂದ, ಅಂದರೆ ಮೇಲ್ತುದಿಯಲ್ಲಿ ತಂತಿ ಹಾಯುವ ಸಣ್ಣ ಪಟ್ಟಿಯಿಂದ, ಹನ್ನೆರಡನೇ ಮನೆಯ (ಫ್ರೆಟ್ಟಿನ) ತನಕ ಎಷ್ಟು ಉದ್ದವೋ, ಅಲ್ಲಿಂದ ಬ್ರಿಜ್ಜಿಗೂ ಅಷ್ಟೇ ಇರಬೇಕು. ಸ್ಟ್ರಾಟ್ ಜಾತಿಯಲ್ಲಿ ಇಡೀ ತಂತಿ ಇಪ್ಪತ್ತೈದೂವರೆ ಇಂಚು, ಅರ್ಧಕ್ಕೆ ಹನ್ನೆರಡೂಮುಕ್ಕಾಲು. ಗಿಬ್ಸನ್ ಎಂಬ ಇನ್ನೊಂದು ಕಂಪನಿಯ ಜಾತಿಯದು ಮುಕ್ಕಾಲು ಇಂಚು ಗಿಡ್ಡ. ಒಂದರ ನೆಕ್ಕಿಗೆ ಇನ್ನೊಂದರ ಅಳತೆಯಲ್ಲಿ ಬ್ರಿಜ್ಜು ಕೂರಿಸಿದರೆ ಬಿಟ್ಟ ತಂತಿ ಸ್ವರದಲ್ಲಿರುತ್ತದೆ, ಮೇಲೆ ಹೋದ ಹಾಗೆಲ್ಲ ಅಪಸ್ವರ. ಇದನ್ನು ಬಡಿಗೇರರು ತಕ್ಷಣ ಒಪ್ಪಿದರು, ಯಾಕೆಂದರೆ ಇದು ಅಳತೆಯ ಮಾತು. ಸಡಿಲು ಬಿಡುವ ವಿಷಯದಲ್ಲಿ ಮಾತ್ರ ಕೊನೆಗೂ ಬಗ್ಗಲಿಲ್ಲ. ತಂತಿಗಳು ನೆಕ್ಕಿನ ಬೆರಳುಪಟ್ಟಿಯಿಂದ ಬಹಳ ಎತ್ತರಕ್ಕೆ ನಿಂತಾಗ ನೆಕ್ಕನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಬೇಕಾಯಿತು. ಕುಳಿಯ ತಳಕ್ಕೆ ಲಗ್ನಪತ್ರಿಕೆಯ ತುಂಡೊಂದನ್ನು ಇಟ್ಟು ಸ್ಕ್ರೂ ಬಿಗಿದರು. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೂ ಬರವಿಲ್ಲ, ಲಗ್ನಕ್ಕೂ ಬರವಿಲ್ಲ. ಯಾರದೋ ಮದುವೆಯ 'ಸುಖಾಗಮನ ಬಯಸುವವರು' ಈಗಲೂ ಆ ಕುತ್ತಿಗೆಯ ಕೆಳಗೆ ಇದ್ದಾರೆ.

ಇಂಥ ಬೆರಕೆ ಹೆಸರಾದವರಲ್ಲೂ ಇದೆ. ಬ್ರಯಾನ್ ಮೇ ಎಂಬ ಇಂಗ್ಲಿಷ್ ಗಿಟಾರುಗಾರ 1963ರಲ್ಲಿ ಅಪ್ಪನ ಜೊತೆ ಕೂತು ಗಿಟಾರು ಮಾಡತೊಡಗಿದಾಗ ನೆಕ್ಕಿಗೆ ಹಳೇ ಅಗ್ಗಿಷ್ಟಿಕೆಯ ಮರ ತೆಗೆದುಕೊಂಡನಂತೆ. ಮರಕ್ಕೆ ಹುಳ ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುಂಬಿದ. ಸ್ಪ್ರಿಂಗು ಮೋಟಾರ್ ಸೈಕಲ್ಲಿನವು, ಬೆರಳುಪಟ್ಟಿಯ ಮೇಲಿನ ಚುಕ್ಕೆಗಳು ಮುತ್ತಿನ ಚಿಪ್ಪಿನ ಗುಂಡಿಗಳು, ಟ್ರೆಮೊಲೊ ಹಿಡಿಕೆಯ ತುದಿ ಅಮ್ಮನ ಹೆಣಿಗೆ ಕಡ್ಡಿಯದು. ಕ್ವೀನ್ ತಂಡದಲ್ಲಿ ಅವನು ಹೆಚ್ಚಾಗಿ ನುಡಿಸಿದ್ದು ಅದನ್ನೇ. ಎರಿಕ್ ಕ್ಲಾಪ್ಟನ್ 1970ರಲ್ಲಿ ಹಳೇ ಸ್ಟ್ರಾಟುಗಳನ್ನು ಒಟ್ಟಿಗೆ ಕೊಂಡು, ಮೂರರಲ್ಲಿ ಚಲೋ ಇದ್ದ ಭಾಗಗಳನ್ನು ಆರಿಸಿ ಒಂದು ಮಾಡಿಕೊಂಡ; ಆ ಬೆರಕೆ ಗಿಟಾರು 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಅಳಿಯ ಇದನ್ನೆಲ್ಲ ನನ್ನ ಹೆಂಡತಿಯ ಮುಂದೆ ಬೇಕೆಂದೇ ದೊಡ್ಡ ದನಿಯಲ್ಲಿ ಹೇಳಿದ. ಅವಳು ಡಾಲರಿಗೆ ಮರುಳಾಗಲಿಲ್ಲ. "ಹೆಣಿಗಿ ಕಡ್ಡಿ ಮುಟ್ಟಿದ್ಯೋ, ನೋಡು" ಅಂದಳು.

ಬಾಡಿ ಆದ ಮೇಲೆ ಗುಂಯ್‌ಗುಡುವ ರೋಗ. ವೇದಿಕೆಯ ಮೇಲೆ ಸೀರಿಯಲ್ ಸೆಟ್ ಹೊತ್ತಿಸಿದರೆ ಸಾಕು, ಹಾಡು ನಿಂತ ಮೇಲೂ ಗಿಟಾರು ತಾನೇ ಗುನುಗುತ್ತಿತ್ತು. ಪಿಕಪ್ ಅಂದರೆ ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಉಕ್ಕಿನ ತಂತಿ ಅದರ ಎದುರು ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ಆದರೆ ಆ ಸುರುಳಿ ತಂತಿಯ ಮಾತನ್ನಷ್ಟೇ ಕೇಳುವುದಿಲ್ಲ, ಮನೆಯ ಮೇನ್ಸ್ ಕರೆಂಟಿನ 50 ಹರ್ಟ್ಸ್ ಗೊಣಗಾಟವನ್ನೂ ಕೇಳುತ್ತದೆ. ಇದಕ್ಕೆ ಪರಿಹಾರ ಹುಡುಕಿಕೊಂಡು ನಾವು ಮುಂಡರಗಿಗೆ ಹೋದೆವು. ಡಂಬಳದ ದಾರಿ. ಕಪ್ಪತಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರಗಳನ್ನು ತೋರಿಸಿ ಅಳಿಯ, "ಅವೂ ಪಿಕಪ್ಪ ಮಾಮಾ, ದೊಡ್ಡವು" ಅಂದ. ಸುರುಳಿ, ಕಾಂತ, ಅಲುಗಾಟ, ಕರೆಂಟು. ತಪ್ಪೇನೂ ಇರಲಿಲ್ಲ.

ಮುಂಡರಗಿ ತಾಲೂಕಿನ ಅಂಚಿಗೆ ತುಂಗಭದ್ರೆ ಹರಿಯುತ್ತದೆ, ಹಾಗಾಗಿ ಪಂಪ್‌ಸೆಟ್ಟು ಹೆಚ್ಚು, ಸುಟ್ಟ ಮೋಟಾರೂ ಹೆಚ್ಚು, ರಿವೈಂಡಿಂಗ್ ಮಾಡುವವರ ಕೈಯೂ ಪಳಗಿದ್ದು. ಅಂಗಡಿಯವ ಪಿಕಪ್ಪನ್ನು ಅಂಗೈಯಲ್ಲಿಟ್ಟು ತಿರುವಿ ನೋಡಿ, ಗಂಭೀರವಾಗಿ ಕೇಳಿದ: "ಎಷ್ಟು ಎಚ್‌ಪಿ ರೀ ಇದು?"

ತಂತಿ ನೋಡಿದ ಮೇಲೆ ಅವನ ಮುಖ ಬದಲಾಯಿತು. 0.063 ಮಿಲಿಮೀಟರ್ ದಪ್ಪ. ಅವನ ಗೇಜಿನ ಲೆಕ್ಕದಲ್ಲಿ ಸುಮಾರು 46. ಎಂಟು ಸಾವಿರ ಸುತ್ತು. ಸ್ವಲ್ಪ ಜಗ್ಗಿದರೆ ಕಡಿಯುತ್ತದೆ, ಬಿಟ್ಟರೆ ಸಡಿಲಾಗುತ್ತದೆ. ಕೈಗಿರಕಿಯ ಸುತ್ತುವ ಯಂತ್ರಕ್ಕೆ ಹೂಡಿ, ಎಡಗೈಯ ಎರಡು ಬೆರಳಿನ ನಡುವೆ ಎಳೆಯನ್ನು ಹಾಯಿಸುತ್ತ ಕೂತ. ಕಣ್ಣು ಎಳೆಯ ಮೇಲಿರಲಿಲ್ಲ, ಎಲ್ಲೋ ರಸ್ತೆಯ ಮೇಲಿತ್ತು; ಬೆರಳೇ ನೋಡುತ್ತಿತ್ತು. ಬೋರ್‌ವೆಲ್ ಮೋಟಾರು ಹೊತ್ತು ತಂದ ರೈತರಿಬ್ಬರು ಇದೇನು ಪೂಜೆಯೆಂದು ಸುಮ್ಮನೆ ನಿಂತುಬಿಟ್ಟರು. ಗುಂಯ್ ಹೋಗಬೇಕು ಎಂದು ಅಳಿಯ ಹೇಳಿದಾಗ ಅವನು ತಲೆ ಎತ್ತದೆ, "ಎರಡು ಕಾಯಿಲ್ ಹಾಕು. ಒಂದು ಬಲಕ್ಕ ಸುತ್ತು, ಒಂದು ಎಡಕ್ಕ. ಮ್ಯಾಗ್ನೆಟ್ ಉಲ್ಟಾ. ಹೊರಗಿನ ಕರೆಂಟ್ ಒಂದಕ್ಕೊಂದು ಹೊಡಕೊಂಡು ಸಾಯ್ತಾವು" ಅಂದ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಇದೇ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿ, ಹಂಬಕರ್ ಎಂಬ ಆ ಪಿಕಪ್ಪಿನಿಂದ ಜಗತ್ಪ್ರಸಿದ್ಧನಾದ. ನಮ್ಮವನು ಚಹಾ ಕುಡಿದು ಮುಂದಿನ ಮೋಟಾರಿಗೆ ಕೈ ಹಾಕಿದ.

ಸುರುಳಿಯ ಎಳೆಗಳು ಅಲುಗಾಡಿದರೆ ದೊಡ್ಡ ದನಿಯಲ್ಲಿ ಕಿರುಚುತ್ತವೆ, ಅದಕ್ಕೆ ಕರಗಿದ ಮೇಣದಲ್ಲಿ ಅದ್ದಬೇಕು. ಬಿಸಿನೀರಿನ ಪಾತೇಲಿಯೊಳಗೆ ಇನ್ನೊಂದು ಡಬ್ಬಿಯಿಟ್ಟು ಮೇಣದಬತ್ತಿ ಕರಗಿಸುವ ಈ ಕಾರ್ಯ ನನ್ನ ಹೆಂಡತಿ ಗುಡಿಗೆ ಹೋದಾಗ ನಡೆಯಿತು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ರೇಡಿಯೋ ರಿಪೇರಿಯ ಹಿರಿಯರದು ಇನ್ನೊಂದು ತರಹ. ಟೋನ್ ಕಂಟ್ರೋಲಿಗೆ 0.047 ಮೈಕ್ರೋಫ್ಯಾರಡ್ ಕಂಡೆನ್ಸರ್ ಕೇಳಿದರೆ, "ಅಷ್ಟು ಸಣ್ಣದು ಯಾಕ, ಫ್ಯಾನಿಂದು ಎರಡೂವರಿದು ಹಾಕ್ತೀನಿ, ಸಾಯೂತನಾ ಇರ್ತೈತಿ" ಎಂದು ಉದಾರವಾಗಿ ಮುಂದೆ ಬಂದರು. ಹಾಕಿದ್ದರೆ ಗಿಟಾರು ಕಂಬಳಿ ಹೊದ್ದು ಮಾತಾಡುತ್ತಿತ್ತು. ಆದರೆ ವಾಲ್ಯೂಮಿಗೆ ಅವರು ಹಳೇ ವಾಲ್ವ್ ರೇಡಿಯೋದಿಂದ ಬಿಚ್ಚಿ ಕೊಟ್ಟ 500 ಕೆ ಕಂಟ್ರೋಲು ಇವತ್ತಿಗೂ ಬೆಣ್ಣೆಯಂತೆ ತಿರುಗುತ್ತದೆ.

ನಟ್ಟಿಗೆ ಎಲುಬು ಶ್ರೇಷ್ಠ ಎಂದು ಅಳಿಯ ಎಲ್ಲೋ ಓದಿದ್ದ. ನಮ್ಮ ಅವ್ವ ಜಪದ ನಡುವೆಯೇ ಕೇಳಿಸಿಕೊಂಡರು. "ಎಲಬು ಈ ಹೊಸ್ತಲಾ ದಾಟಂಗಿಲ್ಲ." ಸಿತಾರದ ಘೋಡಿಗೂ ಎಲುಬೇ ಇರುತ್ತದೆ ಅಜ್ಜಿ ಎಂದು ಅವನು ವಾದಿಸಿದ, ಹಂಗಾರ ಸಿತಾರನೂ ತರಬ್ಯಾಡ ಎಂದರು. ಕೊನೆಗೆ ಪತ್ತಾರರು ಹಿತ್ತಾಳೆಯಲ್ಲಿ ಮಾಡಿಕೊಟ್ಟರು. ಸಣ್ಣ ತಂತಿ ಇಂಚಿನ ಸಾವಿರದಲ್ಲಿ 9 ಭಾಗ, ದಪ್ಪದ್ದು 42. ಆರಕ್ಕೂ ಬೇರೆ ಬೇರೆ ಗೀರು. ಮೂಗುತಿಯ ಹರಳಿಗೆ ಹಿಡಿಯುವ ಅರದಿಂದಲೇ ಉಜ್ಜಿ, ಪ್ರತಿ ಗೀರನ್ನೂ ಭೂತಗನ್ನಡಿಯಲ್ಲಿ ನೋಡಿ, ತೂಕ ಮಾಡಲು ಹೋಗಿ, ಇದು ಹಿತ್ತಾಳೆ ಎಂದು ನೆನಪಾಗಿ ಬಿಟ್ಟರು.

ನನ್ನ ಕಿವಿ ಹೇಳುವುದಾದರೆ, ದನಿ ನಿಜಕ್ಕೂ ಬದಲಾದದ್ದು ಈ ನಟ್ಟಿನಿಂದ ಮತ್ತು ತಂತಿ ಬಿಗಿಯುವ, ಜಾರದ ಹೊಸ ಕಿವಿಗಳಿಂದ. ಸಾಗವಾನಿಯಿಂದ ನಾದ ಬಂತು ಎಂದು ಬಡಿಗೇರರು ಊರೆಲ್ಲ ಹೇಳುತ್ತಾರೆ. ಸುರುಳಿ ಕೇಳುವುದು ಉಕ್ಕಿನ ತಂತಿಯನ್ನು, ಬಾಗಿಲನ್ನಲ್ಲ. ಆದರೆ ಇದನ್ನು ಅವರ ಮುಂದೆ ಹೇಳುವ ಹಾಗಿಲ್ಲ, ನನಗೆ ಇನ್ನೂ ಆ ಓಣಿಯಲ್ಲಿ ಓಡಾಡುವುದಿದೆ.

ಹೊಸ ರೂಪದಲ್ಲಿ ಅದು ಮೊದಲು ನುಡಿದದ್ದು ಲಕ್ಷ್ಮೇಶ್ವರದಲ್ಲಿ, ಆಮೇಲೆ ಶಿರಹಟ್ಟಿಯಲ್ಲಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರರ ಊರು ಅದು, ಬೆರಕೆಗೆ ಹುಬ್ಬೇರಿಸುವವರು ಅಲ್ಲಿ ಕಡಿಮೆ. ಶಿರಹಟ್ಟಿಯಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಒಬ್ಬ ಅಂಧ ಹಾರ್ಮೋನಿಯಂ ಮಾಸ್ತರರು ಸಿಕ್ಕರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳು ಇದ್ದಾಗ ಕಲಿತವರು. ಗವಾಯಿಗಳ ಕೈಗೆ ಬಾರದ ವಾದ್ಯ ಯಾವುದಿತ್ತು? ಶಿಷ್ಯರಿಗೂ ಆ ಕುತೂಹಲ ಇತ್ತು. ಗಿಟಾರನ್ನು ತೊಡೆಯ ಮೇಲೆ ಇಡಿಸಿಕೊಂಡು ನಿಧಾನವಾಗಿ ಕೈಯಾಡಿಸಿದರು. ನೆಕ್ಕಿನ ಸಂದು, ಹಿತ್ತಾಳೆಯ ಪಟ್ಟಿ, ಸನ್‌ಮೈಕಾದ ಅಂಚು. ಬಲಭಾಗದ ಕೆಳಗೆ ಬೆರಳು ನಿಂತಿತು. ಬಣ್ಣದ ಕೆಳಗೆ ಬೆಣೆ ಹೊಡೆದು ಮುಚ್ಚಿದ ಜಾಗ; ನಮಗೆ ಯಾರಿಗೂ ಕಣ್ಣಿಗೆ ಬೀಳದ್ದು.

"ಇಲ್ಲಿ ಬಿಜಾಗರಿ ಇತ್ತಲ್ಲೋ?" ಅಂದರು. "ಬಾಗಲದ ಕಟಗಿ?"

ಅಳಿಯ ನಾಚಿಕೊಂಡ. ಮಾಸ್ತರರು ನಕ್ಕು ತಮ್ಮ ಪೆಟ್ಟಿಗೆಯ ಜಾತಕ ಹೇಳಿದರು: ರೀಡು ಗುಜರಾತಿನ ಪಾಲಿಟಾಣಾದ್ದು, ಮೇಲಿನ ಮನೆ ಬೇರೆ ಹಳೇ ಪೆಟ್ಟಿಗೆಯದು, ತಿದಿ ಎರಡು ಸಲ ಬದಲಾದದ್ದು. ಹಾರ್ಮೋನಿಯಂ ಹುಟ್ಟಿದ್ದೇ ಯುರೋಪಿನಲ್ಲಿ, ಕಾಲಿನಿಂದ ತುಳಿಯುವ ವಾದ್ಯವಾಗಿ. ಕೋಲ್ಕತ್ತಾದ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದರ ಕಾಲು ತೆಗೆದು ತಿದಿಯನ್ನು ಕೈಗೆ ಕೊಟ್ಟ ಮೇಲೆ ನಮ್ಮದಾಯಿತು. ಇದು ನಮ್ಮ ವಾದ್ಯವೇ ಅಲ್ಲ ಎಂದು ಆಕಾಶವಾಣಿ 1940ರಿಂದ 1971ರ ತನಕ ಬಾಗಿಲ ಹೊರಗೆ ನಿಲ್ಲಿಸಿತ್ತು. ಆ ಮೂವತ್ತೊಂದು ವರ್ಷವೂ ಗದಗಿನಲ್ಲಿ ಭಜನೆ, ನಾಟಕ, ಪುರಾಣ ಯಾವುದೂ ಅದಿಲ್ಲದೆ ನಡೆಯಲಿಲ್ಲ. ಶುದ್ಧ ಎಂದು ನಾವು ಕೈಮುಗಿಯುವ ತಂಬೂರಿಯೂ ಹಾಗೇ. ಲಕ್ಷ್ಮೇಶ್ವರ ಒಂದು ಕಾಲಕ್ಕೆ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಆ ಮಿರಜದಲ್ಲೇ ಪಂಢರಪುರದ ಕಡೆಯ ಬುರುಡೆ, ಬೇರೆ ಕಡೆಯ ಕಟ್ಟಿಗೆ, ಮತ್ತೆಲ್ಲಿಯದೋ ತಂತಿ ಕೂಡಿ ತಂಬೂರಿ ಆಗುತ್ತದೆ. 2024ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು.

ಮಾಸ್ತರರ ಮಾತು ಕೇಳಿ ಬಂದ ಮೇಲೆ ಅಳಿಯ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಈ ಕೆಲಸದ ಒಂದು ಕಷ್ಟವೆಂದರೆ, ಒಳ್ಳೆಯ ಭಾಗ ಬಂದಾಗಲೆಲ್ಲ ಹಳೆಯ ಭಾಗ ಮಿಗುತ್ತದೆ. ಮೊದಲಿನ ಪಿಕಪ್ಪು, ಮೊದಲಿನ ಕಿವಿಗಳು, ಪ್ಲಾಸ್ಟಿಕ್ ನಟ್ಟು ಎಲ್ಲ ನಮ್ಮ ಪಾರ್ಲೆ ಬಿಸ್ಕತ್ತಿನ ಡಬ್ಬಿಯಲ್ಲಿ ಸೇರಿದವು. ಮೊನ್ನೆ ಹೊಸ ನೆಕ್ಕು ಬಂತು, ಕೋಲ್ಕತ್ತಾದ ಕುತ್ತಿಗೆ ಬಚ್ಚಲಮನೆಯ ಗೂಟಕ್ಕೆ ಹೋಯಿತು. ಹೆಂಡತಿ ಎಲ್ಲವನ್ನೂ ಗುಜರಿಗೆ ಹಾಕುವ ದಿನ ಗೊತ್ತು ಮಾಡಿದಾಗ, ರಿವೈಂಡಿಂಗ್ ಅಂಗಡಿಯ ಹುಡುಗನೊಬ್ಬ ಗಿಟಾರು ಕಲಿಯುತ್ತೇನೆ ಅಂದದ್ದು ಅಳಿಯನಿಗೆ ನೆನಪಾಯಿತು. ಎಲ್ಲ ಕಟ್ಟಿ ಮುಂಡರಗಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು ಬಂದೆವು.

ಸಂಜೆ ಆ ಹುಡುಗನ ಫೋನು.

"ಮಾಮಾರ, ಕುತ್ತಿಗಿ, ಕಿವಿ ಎಲ್ಲಾ ಮುಟ್ಟಿದ್ವು ರೀ. ಹೊಟ್ಟಿ ಯಾವ ಬಸ್ಸಿಗೆ ಇಟ್ಟೀರಿ?"