ಬಹುಮಾನ ಬಂದ ಫೋಟೋವನ್ನು ನಕಲಿ ಎನ್ನುವ ವಿಧಾನ

ಬೇಕಾಗುವ ಸಾಮಗ್ರಿ: ಒಂದು ಮೊಬೈಲು, ಎರಡು ನಿಮಿಷ ಬಿಡುವು. ಫೋಟೋ ನೋಡಿರಲೇಬೇಕೆಂದೇನೂ ಇಲ್ಲ.

ಮೊದಲು, ಚಿತ್ರ ಚೆನ್ನಾಗಿದೆಯೋ ವಿಚಾರಿಸಿ. ಚೆನ್ನಾಗಿದ್ದಷ್ಟೂ ನಿಮ್ಮ ಕೆಲಸ ಹಗುರ. ಗಾಜಾದ ಗಲ್ಲಿಯಲ್ಲಿ ಮಕ್ಕಳ ಹೆಣ ಹೊತ್ತು ಸಾಗುವವರ ಚಿತ್ರಕ್ಕೆ 2013ರಲ್ಲಿ ಪಾಲ್ ಹ್ಯಾನ್ಸನ್ ಅವರಿಗೆ ವರ್ಲ್ಡ್ ಪ್ರೆಸ್ ಫೋಟೋ ಬಹುಮಾನ ಬಂತು. ಬೆಳಕು ಸಿನಿಮಾದ ಹಾಗಿದೆ, ಹಲವು ಚಿತ್ರ ಬೆಸೆದದ್ದು ಎಂಬ ಗುಲ್ಲೆದ್ದಿತು. ತಜ್ಞರು ಕ್ಯಾಮೆರಾದ ಮೂಲ ಫೈಲನ್ನೇ ತೆರೆದು ನೋಡಿ, ಬಣ್ಣ ತಿದ್ದಿದ್ದುಂಟು, ಬೆಸುಗೆ ಇಲ್ಲ ಎಂದರು. ಈ ಎರಡನೇ ಸುದ್ದಿಯನ್ನು ಫಾರ್ವರ್ಡ್ ಮಾಡಕೂಡದು.

ಆಮೇಲೆ, ಫೋಟೋ ತೆಗೆದವರ ಬಾಯಿಂದಲೇ ಒಂದು ಮಾತು ಹೊರಡಿಸಿ. ಇದಕ್ಕೆ ಜೋ ರೋಸೆಂಥಾಲ್ ಪ್ರಕರಣ ಬಾಯಿಪಾಠವಾಗಿರಲಿ. 1945ರ ಫೆಬ್ರವರಿ 23, ಇವೋ ಜಿಮಾ ದ್ವೀಪದ ಸುರಿಬಾಚಿ ಗುಡ್ಡ. ರೋಸೆಂಥಾಲ್ ಕುಳ್ಳಗಿನ ಆಸಾಮಿ. ಕಲ್ಲು, ಮರಳಿನ ಚೀಲ ಪೇರಿಸಿ ಮೇಲೆ ಹತ್ತಿದ್ದರು. ಅಮೆರಿಕದ ಬಾವುಟ ಏಳುತ್ತಿರುವುದು ಕಣ್ಣಂಚಿಗೆ ಬಿದ್ದದ್ದೇ ತಡ, ಕ್ಯಾಮೆರಾ ತಿರುಗಿಸಿ ಒತ್ತಿದರು. ಬಳಿಕ ಸೈನಿಕರನ್ನು ಅದೇ ಬಾವುಟದಡಿ ನಿಲ್ಲಿಸಿ ಒಂದು ಗುಂಪು ಫೋಟೋ. ಕೆಲವು ದಿನಗಳ ಮೇಲೆ ಗುವಾಮ್‌ನಲ್ಲಿ ಯಾರೋ ‘ನಿಲ್ಲಿಸಿ ತೆಗೆದದ್ದಾ?’ ಎಂದರು. ಗುಂಪು ಫೋಟೋದ ಮಾತೆಂದುಕೊಂಡು ಇವರು ‘ಹೌದು’ ಎಂದುಬಿಟ್ಟರು. ಕೆಟ್ಟಿತು ಕೆಲಸ! ಪಕ್ಕದಲ್ಲೇ ಬಿಲ್ ಜೆನಾಸ್ಟ್ ಅದೇ ಗಳಿಗೆಯನ್ನು ಮೂವಿ ಕ್ಯಾಮೆರಾದಲ್ಲಿ ಹಿಡಿದಿದ್ದರೂ, ಪುಲಿಟ್ಜರ್ ಬಂದರೂ, ರೋಸೆಂಥಾಲ್ ದಶಕಗಟ್ಟಲೆ ಸಮಜಾಯಿಷಿ ಕೊಡುತ್ತಲೇ ಇರಬೇಕಾಯಿತು. ಅದು ಆ ದಿನ ಏರಿಸಿದ ಎರಡನೇ ಬಾವುಟ ಎಂಬುದು ನಿಜ. ಮೊದಲಿನದು ಚಿಕ್ಕದೆಂದು ಇಳಿಸಿದ್ದರು. ಇಷ್ಟು ಸಿಕ್ಕರೆ ಸಾಕು, ಉಳಿದ ನಾಟಕವನ್ನು ನೀವೇ ಬರೆದುಕೊಳ್ಳಬಹುದು.

ಎಚ್ಚರಿಕೆ: ನಿಜವಾದ ನಕಲಿಗಳ ತಂಟೆಗೆ ಹೋಗಬೇಡಿ, ಅಲ್ಲಿ ದುಡಿಮೆ ಜಾಸ್ತಿ. 2003ರಲ್ಲಿ ಪತ್ರಿಕಾ ಛಾಯಾಗ್ರಾಹಕ ಬ್ರಯನ್ ವಾಲ್ಸ್ಕಿ ಇರಾಕಿನ ಎರಡು ಚಿತ್ರ ಬೆಸೆದಾಗ, ಹಿಂದೆ ಕೂತ ಜನ ಎರಡೆರಡು ಸಲ ಬಂದಿರುವುದನ್ನು ಕಣ್ಣಲ್ಲಿ ಕಣ್ಣಿಟ್ಟು ಪತ್ತೆ ಮಾಡಿದ್ದು ಇನ್ನೊಂದು ಪತ್ರಿಕೆಯವರು. ವಾಲ್ಸ್ಕಿ ಅವರ ನೌಕರಿ ಹೋಯಿತು. ಸಿರಿಯಾದ ಚಿತ್ರದ ಮೂಲೆಯಲ್ಲಿದ್ದ ವೀಡಿಯೊ ಕ್ಯಾಮೆರಾ ಅಳಿಸಿದ ನಾರ್ಸಿಸೊ ಕಾಂಟ್ರೆರಾಸ್ ಅವರನ್ನು 2014ರಲ್ಲಿ ಎ.ಪಿ. ಸುದ್ದಿಸಂಸ್ಥೆ ಕೈಬಿಟ್ಟಿತು, ಅವರು ಪುಲಿಟ್ಜರ್ ಗೆದ್ದ ತಂಡದವರಾಗಿದ್ದರೂ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿದ್ದಾರೆ, ಆದರೆ ಪ್ರಮಾಣಿಸುವುದಕ್ಕೆ ಪುರುಸೊತ್ತು ಬೇಕಲ್ಲ.

ಚಿತ್ರ ಅಸಲಿ ಎಂದು ಸಾಬೀತಾಗಿಬಿಟ್ಟರೆ? ಗಾಬರಿ ಬೇಡ, ಪ್ಲೇಟು ಬದಲಿಸಿ. ಸುಳ್ಳು ಅನ್ನುವುದನ್ನು ಬಿಟ್ಟು ರಣಹದ್ದು ಅನ್ನಿ. 2021ರಲ್ಲಿ ಕೋವಿಡ್ ವೇಳೆ ದೆಹಲಿಯ ಸಾಲು ಚಿತೆಗಳನ್ನು ಚಿತ್ರಿಸಿದ ದಾನಿಶ್ ಸಿದ್ದೀಕಿ ಅವರಿಗೆ ಹೀಗೇ ಅಂದರು. ಅದೇ ಜುಲೈನಲ್ಲಿ ಅವರು ಅಫ್ಘಾನಿಸ್ತಾನದಲ್ಲಿ ಕೆಲಸದ ಮೇಲಿದ್ದಾಗಲೇ ಹತರಾದ ಮೇಲೂ ಅಂದರು. ಮರುವರ್ಷ ರಾಯ್ಟರ್ಸ್ ತಂಡದ ಪುಲಿಟ್ಜರ್ ಪಟ್ಟಿಯಲ್ಲಿ ಅವರ ಹೆಸರಿತ್ತು, ಛಾಯಾಗ್ರಾಹಕಿ ಸನ್ನಾ ಇರ್ಷಾದ್ ಮಟ್ಟೂ ಅವರದೂ. ಬಹುಮಾನ ತೆಗೆದುಕೊಳ್ಳಲು ಹೊರಟ ಸನ್ನಾ ಅವರನ್ನು 2022ರ ಅಕ್ಟೋಬರಿನಲ್ಲಿ ವೀಸಾ, ಟಿಕೆಟ್ ಕೈಯಲ್ಲಿದ್ದರೂ ದೆಹಲಿ ವಿಮಾನ ನಿಲ್ದಾಣದಲ್ಲೇ ತಡೆದರು. ಯಾಕೆ ಎಂದು ಈ ಕೈಪಿಡಿಯನ್ನು ಕೇಳಬೇಡಿ, ಅವರಿಗೇ ಹೇಳಲಿಲ್ಲ.