ಎಷ್ಟಡಿ?

ನಮ್ಮ ಕಡೆ ಪ್ರತಿಮೆ ನೋಡಿದವರು ಮೊದಲು ಕೇಳುವುದು ಎಷ್ಟಡಿ ಎಂದು. ಯಾರದು, ಯಾರು ಮಾಡಿದ್ದು, ಮೂಗು ನೆಟ್ಟಗಿದೆಯೇ, ಇವೆಲ್ಲ ಆಮೇಲೆ, ಪುರುಸೊತ್ತಿದ್ದರೆ. ಮುರುಡೇಶ್ವರದ ಶಿವ 123 ಅಡಿ, ಬೆಂಗಳೂರು ವಿಮಾನ ನಿಲ್ದಾಣದ ಕೆಂಪೇಗೌಡರು 108 ಅಡಿ ಎಂದು ಮಗ್ಗಿಯ ಹಾಗೆ ಒಪ್ಪಿಸುವವರನ್ನು, ಆ ಕೆಂಪೇಗೌಡರನ್ನು ಮಾಡಿದವರು ಯಾರು ಎಂದು ಕೇಳಿ ನೋಡಿ. ರಾಮ ಸುತಾರ್ ಎಂಬ ಹೆಸರು ಬಾಯಿಗೆ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.

ನನ್ನ ಷಡ್ಡಕರು ಈ ಪಂಥದ ಪೀಠಾಧಿಪತಿಗಳು. ಓವರ್‌ಸಿಯರ್ ಆಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಕೆಲಸದಿಂದ ಮಾತ್ರ, ಟೇಪಿನಿಂದಲ್ಲ. ಅವರ ಮನೆಯವರ ಹರಕೆ ತೀರಿಸಲು ನಂಜನಗೂಡಿಗೆ ಹೋಗಿದ್ದೆವು. ಶ್ರೀಕಂಠೇಶ್ವರನ ದರ್ಶನಕ್ಕೆ ಮುಂಚೆಯೇ, ದೇವಸ್ಥಾನದ ಹೊರಗೆ ಕೂತಿರುವ ದೊಡ್ಡ ಶಿವನ ಮುಂದೆ ಅವರ ಕಾಲು ನಿಂತಿತು.

"ಏನಮ್ಮ, ಎಷ್ಟಡಿ ಇದು?" ಎಂದು ಹೂವಿನವಳನ್ನು ಕೇಳಿದರು.

"ಅದ್ಯಾರು ಅಳ್ದವ್ರೆ ಸಾಮಿ? ಮೊಳದ ಲೆಕ್ಕ ಹೂವಿಗೇಯ. ಎಷ್ಟು ಮೊಳ ಕೊಡ್ಲಿ?"

ಆಟೋದವನೊಬ್ಬ ಒಂದು ಲೆಕ್ಕ ಹೇಳಿದ, ಕಡಲೆಕಾಯಿಯವನು ಅದಕ್ಕೆ ಮತ್ತಷ್ಟು ಸೇರಿಸಿದ. ಷಡ್ಡಕರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಚಾಚಿ ತಾವೇ ಒಂದು ಅಂದಾಜು ಕಟ್ಟಿದರು. ಮೂರೂ ಒಂದಕ್ಕೊಂದು ತಾಳೆಯಾಗಲಿಲ್ಲ. ಶಿವ ಕಣ್ಣು ಬಿಟ್ಟು ಯಾರ ಪರವೂ ಸಾಕ್ಷಿ ಹೇಳಲಿಲ್ಲ.

ನನ್ನನ್ನು ಕೇಳಿದರೆ, ಇಂಥ ಪ್ರತಿಮೆಗಳ ನಿಜವಾದ ಉಪಯೋಗ ಬೇರೆಯೇ ಇದೆ. ದೊಡ್ಡ ಜಾತ್ರೆಯಲ್ಲಿ ಐದು ರಥ, ಲಕ್ಷ ತಲೆ. ಅದರ ನಡುವೆ ತಪ್ಪಿಸಿಕೊಂಡ ಗಂಡನಿಗೆ ಫೋನಿನಲ್ಲಿ "ಶಿವನ ಹತ್ರ ಬನ್ನಿ" ಎನ್ನಬಹುದು. ಕೈಲಾಸಕ್ಕೆ ಕರೆದ ಹಾಗೆ ಕೇಳಿಸುತ್ತದೆ, ಆದರೆ ಗಂಡ ಸಿಕ್ಕುತ್ತಾನೆ.

ಎದುರಿಗೇ ಗೋಪುರ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದ್ದು, ಎತ್ತರ ಸುಮಾರು 120 ಅಡಿ. ಈ ಅಂಕಿ ನನ್ನ ಬಾಯಿಂದ ಬಿದ್ದದ್ದೇ ತಡ, ಷಡ್ಡಕರ ಮುಖ ಅರಳಿತು. ನನಗೆ ಬೆರಗು ಹುಟ್ಟಿಸುವುದು ಮೇಲಿನ ಅಂತಸ್ತುಗಳ ಗಾರೆ ಗೊಂಬೆಗಳು. ಕೆಳಗೆ ನಿಂತವರಿಗೆ ಅವುಗಳ ಮುಖ ಕಾಣುವುದಿಲ್ಲ. ಆದರೂ ಯಾರೋ ಕೂತು ಕಣ್ಣು, ಹುಬ್ಬು, ಮೀಸೆ ತಿದ್ದಿದ್ದಾರೆ. ಪಾರಿವಾಳಗಳಿಗಾಗಿ ಅಷ್ಟು ಕಷ್ಟಪಟ್ಟ ಕಲಾವಿದರು ಈಗ ಸಿಕ್ಕುವುದು ಕಷ್ಟ.

ಸುತ್ತೂರಿನ ಕಡೆಯಿಂದ ತಿ. ನರಸೀಪುರಕ್ಕೆ ಹೊರಟಾಗ, ದಾರಿಯ ಒಂದು ಹಳ್ಳಿಯಲ್ಲಿ ಅಂಬೇಡ್ಕರ್ ಪ್ರತಿಮೆಗೆ ಬಣ್ಣ ಹೊಡೆಯುತ್ತಿದ್ದರು. ಏಪ್ರಿಲ್ 14 ಹತ್ತಿರವಿತ್ತು. ನೀಲಿ ಕೋಟು ಆಗಲೇ ಮಿರಮಿರ ಮಿನುಗುತ್ತಿತ್ತು. ಹುಡುಗನೊಬ್ಬ ಏಣಿಯ ಮೇಲೆ ಉಸಿರು ಬಿಗಿಹಿಡಿದು, ಜೇಬಿನ ಪೆನ್ನಿನ ಕ್ಲಿಪ್ಪಿಗೆ ಸಣ್ಣ ಕುಂಚದಲ್ಲಿ ಚಿನ್ನದ ಬಣ್ಣ ಹಚ್ಚುತ್ತಿದ್ದ. ಕೆಳಗಿದ್ದ ಹಿರಿಯರೊಬ್ಬರು, "ಕೋಟಿಗೆ ಸೋಕಿಸ್ಬೇಡ ಕಣ್ಲಾ" ಎಂದು ಎಚ್ಚರಿಸುತ್ತಿದ್ದರು. ಅಲ್ಲಿ ಅಡಿಯ ಪ್ರಶ್ನೆ ಕೇಳಲು ಷಡ್ಡಕರಿಗೂ ಬಾಯಿ ಬರಲಿಲ್ಲ. ಊರಿನವರ ಕೈ ಸವೆಯುವಂಥ ಪ್ರತಿಮೆಯ ಮಾತೇ ಬೇರೆ.

ನರಸೀಪುರದಲ್ಲಿ ಮಾತ್ರ ಅವರ ಶಾಸ್ತ್ರಕ್ಕೆ ಪೆಟ್ಟು ಬಿತ್ತು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಸೇರುವ ಊರು. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಇಲ್ಲಿನ ಗುಂಜಾ ನರಸಿಂಹಸ್ವಾಮಿ ಕೈಬೆರಳುಗಳ ನಡುವೆ ಒಂದು ಗುಲಗಂಜಿ ಹಿಡಿದಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಸ್ಥಳಪುರಾಣ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗುತ್ತಿದ್ದ ಬೀಜ! ನೂರು ಪಟ್ಟು ಹೆಚ್ಚು ಎಂದು ಬೀಗುವ ಅವಕಾಶವಿದ್ದೂ ಗುಲಗಂಜಿಗೆ ನಿಲ್ಲಿಸಿದ ಆ ಕವಿ ಯಾರೋ, ಅವನನ್ನು ಈಗಿನ ಪ್ರತಿಮೆ ಸಮಿತಿಗಳಿಗೆ ಅಧ್ಯಕ್ಷನನ್ನಾಗಿ ಮಾಡಬೇಕು. ಷಡ್ಡಕರು ಕತ್ತು ನೀಳ ಮಾಡಿ ಇಣುಕಿ, "ಕಾಣ್ಸೋದೇ ಇಲ್ವಲ್ರೀ" ಎಂದರು.

ಅಧ್ಯಕ್ಷ ಎಂದಾಗ ಫಲಕಗಳ ನೆನಪಾಯಿತು. ನಮ್ಮ ವೃತ್ತಗಳಲ್ಲಿ ಪ್ರತಿಮೆಗಿಂತ ಅದರ ಕೆಳಗಿನ ಗ್ರಾನೈಟ್ ಫಲಕವೇ ಓದಲು ಚೆನ್ನ. ಉದ್ಘಾಟಕರು, ಘನ ಉಪಸ್ಥಿತಿ, ಅಧ್ಯಕ್ಷತೆ, ವಿಶೇಷ ಆಹ್ವಾನಿತರು, ಗುತ್ತಿಗೆದಾರರು. ಶಿಲ್ಪಿಗೆ ಮಾತ್ರ ಜಾಗ ಸಾಲದು. ಚುನಾವಣೆ ಬಂತೆಂದರೆ ನೀತಿ ಸಂಹಿತೆಗೆ ಹೆದರಿ ಫಲಕಕ್ಕೆ ಕಾಗದ ಮೆತ್ತುತ್ತಾರೆ. ಕಲೆಯನ್ನು ನಿರಾತಂಕವಾಗಿ ನೋಡಲು ಪ್ರಶಸ್ತವಾದ ಕಾಲ ಅದೇ.

ಇದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದಲ್ಲಿ ಲೆಕ್ಕ ತಿರುವುಮುರುವು. 13ನೇ ಶತಮಾನದ ಹೊಯ್ಸಳರ ಕೆಲಸ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಕಟ್ಟಿಸಿದ ಸೋಮನಾಥ ದಂಡನಾಯಕ ತನ್ನ ಶಾಸನವನ್ನೇನೋ ಹಾಕಿಸಿಕೊಂಡಿದ್ದಾನೆ. ಆದರೆ ಗೋಡೆಯ ಮೂರ್ತಿಗಳ ಪಾದದ ಕೆಳಗೆ ಕೆತ್ತಿದವರ ಹೆಸರುಗಳಿವೆ: ಮಲ್ಲಿತಮ್ಮ, ಚೌಡೆಯ, ಬಾಲೆಯ. ಮಲ್ಲಿತಮ್ಮನದೇ ಹೆಚ್ಚು. ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿದ ಕೈ, ತನ್ನ ಹೆಸರನ್ನು ಮಾತ್ರ ಸರಸರ ಗೀಚಿ ಮುಂದಕ್ಕೆ ಹೋದಂತಿದೆ. ಕಲಾವಿದನ ಆತ್ಮಗೌರವ ಎಂದೆಲ್ಲ ನಾನು ಭಾಷಣ ಶುರು ಮಾಡಿದೆ.

"ಆತ್ಮಗೌರವ ಅಲ್ಲ ಕಣ್ರೀ," ಎಂದರು ಷಡ್ಡಕರು, ಕನ್ನಡಕ ಮೇಲೇರಿಸಿ. "ಪೀಸ್‌ವರ್ಕು. ಮೆಷರ್‌ಮೆಂಟ್ ಬುಕ್ ಬರೆಯೋನಿಗೆ ಯಾರದು ಎಷ್ಟು ಅಂತ ಗೊತ್ತಾಗ್ಬೇಡ್ವೇ? ಹೆಸರಿಲ್ದಿದ್ರೆ ಬಿಲ್ ಪಾಸಾಗೋದು ಹೆಂಗೆ?"

ಆಮೇಲೆ ಅವರು ಅಡಿಯ ಸುದ್ದಿಗೇ ಹೋಗಲಿಲ್ಲ. ಬಗ್ಗಿ ಬಗ್ಗಿ ಮಲ್ಲಿತಮ್ಮನ ರುಜು ಎಣಿಸುತ್ತ ಸುತ್ತು ಹಾಕಿದರು. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲುಗಾರ ಸೀಟಿ ಊದಿದರೆ, "ತಡಿಯಪ್ಪ, ಒಂದು ಗೋಡೆ ಚೆಕ್ ಮಾಡೋದು ಬಾಕಿ ಐತೆ" ಎಂದು ಅವನನ್ನೇ ಗದರಿದರು.