ಪುಕ್ಕಟೆ ಲಾಸ್ ವೇಗಸ್

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ನಾಲ್ಕಡಿ ಕಾಂಪೌಂಡು. ಅದರ ನೆತ್ತಿಯ ಮೇಲೆ ಎರಡು ಕಾಫಿ ಲೋಟ ನಿಲ್ಲುವಷ್ಟು ಜಾಗವಿದೆ. ಹರಟೆಗೆ ಇಷ್ಟು ಸಾಕು. ಮೇಷ್ಟ್ರು ಗುಬ್ಬಿಯವರು, ಅವರ ಮನೆಯವರು, ನಾನು ಅಕ್ಕ ಅನ್ನುವವರು, ಕುಣಿಗಲ್ಲಿನವರು. ಈ ಎರಡು ತಾಲ್ಲೂಕುಗಳ ನಡುವೆ ಹೇಮಾವತಿ ಲಿಂಕ್ ಕೆನಾಲ್ ನೀರಿನ ಗಲಾಟೆ ಜೋರಾಗಿದ್ದ ದಿನಗಳಲ್ಲಿ ಆ ಮನೆಯಲ್ಲಿ ಸಾರು ತೆಳ್ಳಗಾದರೂ ತಾಲ್ಲೂಕಿನ ಹೆಸರು ಬರುತ್ತಿತ್ತು, ಗಟ್ಟಿಯಾದರೂ ಬರುತ್ತಿತ್ತು. ತುಮಕೂರಿನವನಾದ ನಾನು ಕಾಂಪೌಂಡಿನ ಈಚೆ ನಿಂತು ಪಂಚಾಯ್ತಿ ಮಾಡುವವನು.

ಇಬ್ಬರೂ ಮೂರು ತಿಂಗಳು ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದು ಹೋದ ವಾರ ಬಂದಿಳಿದರು. ಮೊದಲು ಚಾಕೊಲೇಟ್ ಪೊಟ್ಟಣ ಗೋಡೆ ದಾಟಿತು, ಹಿಂದೆಯೇ ಮೇಷ್ಟ್ರ ಮುಖ ಕಾಣಿಸಿತು.

"ಲಾಸ್ ವೇಗಸ್ ನೋಡ್ಕೊಂಡು ಬಂದ್ವಿ ಸ್ವಾಮಿ. ಮೂರು ದಿನ. ಒಂದೇ ಒಂದು ಟಿಕೆಟ್ ತಗೊಂಡಿಲ್ಲ."

ನನಗೆ ಮೊದಲು ನಂಬಿಕೆ ಬರಲಿಲ್ಲ. 1931ರಲ್ಲಿ ಜೂಜನ್ನು ಕಾಯ್ದೆಬದ್ಧ ಮಾಡಿದ ನೆವಾಡ ರಾಜ್ಯದ ಊರು ಅದು. ಒಂದು ರಾತ್ರಿಯಲ್ಲಿ ಮನೆ ಮಠ ಕಳೆದುಕೊಂಡವರ ಕಥೆ ಇಲ್ಲಿಯ ತನಕ ಬಂದಿದೆ. ಮೇಷ್ಟ್ರೋ, ಟೌನ್ ಹಾಲ್ ಸರ್ಕಲ್ಲಿಗೆ ಆಟೋ ಕರೆದರೆ ಮೀಟರ್ ನೋಡುವ ಬದಲು ಬಸ್ಸು ನೋಡುವ ಜಾತಿ.

"ಅದೇ ಮಜಾ," ಅಂದರು. "ಆ ಊರಲ್ಲಿ ಚೆನ್ನಾಗಿರೋದೆಲ್ಲ ಪುಕ್ಕಟೆ. ದುಡ್ಡು ಹೋಗೋದು ಬೇರೆ ಬಾಗಿಲಿಂದ."

ಮೊದಲ ಸಂಜೆಯೇ ಬೆಲ್ಲಾಜಿಯೋ ಹೋಟೆಲಿನ ಮುಂದಿನ ಕಾರಂಜಿ. 1998ರಲ್ಲಿ ಶುರುವಾದದ್ದು. ಎಂಟು ಎಕರೆಗೂ ಮಿಕ್ಕಿದ ಕೆರೆ, ಒಳಗೆ ಸಾವಿರದ ಇನ್ನೂರಕ್ಕೂ ಹೆಚ್ಚು ಚಿಮ್ಮುಗೊಳವೆ. ಹಾಡು ಶುರುವಾದರೆ ನೀರು ಸೊಂಟ ಬಳುಕಿಸುತ್ತದೆ, ಸಾಲಾಗಿ ಓಡುತ್ತದೆ, ಕೊನೆಗೆ ಗುಂಡು ಹೊಡೆದ ಸದ್ದು ಮಾಡಿ ನೆಟ್ಟಗೆ ಏಳುತ್ತದೆ. 460 ಅಡಿ. ಮೇಷ್ಟ್ರು ಗಣಿತದವರಲ್ಲವೇ, ಕಟಕಟೆ ಹಿಡಿದು ನಿಂತಲ್ಲೇ ಲೆಕ್ಕ ಹಾಕಿದರಂತೆ: ಶ್ರವಣಬೆಳಗೊಳದ ಗೊಮ್ಮಟ 58 ಅಡಿ, ಎಂಟು ಗೊಮ್ಮಟರನ್ನು ಒಬ್ಬರ ಮೇಲೊಬ್ಬರನ್ನು ನಿಲ್ಲಿಸಿದಷ್ಟು.

ಅಕ್ಕ ಮಾತ್ರ ಎತ್ತರ ನೋಡಲಿಲ್ಲ. ಅವರಿಗೆ ಹುಟ್ಟಿದಾಗಿನಿಂದ ಕೆರೆ ಗೊತ್ತು, ಅದೂ ಎಂಥ ಕೆರೆ, ಜನಪದದವರು ಹಾಡು ಕಟ್ಟಿದ ಕುಣಿಗಲ್ ಕೆರೆ. ಮಗನ ತೋಳು ಜಗ್ಗಿ ಕೇಳಿದ್ದು ಒಂದೇ ಮಾತು: "ಈ ಮರಳುಗಾಡಲ್ಲಿ ಇಷ್ಟು ನೀರು ಯಾವ ಹೊಳೇದಪ್ಪಾ?"

ಮಗ ಫೋನಿನಲ್ಲಿ ಹುಡುಕಿ ಹೇಳಿದ. ಹೊಳೆಯದ್ದಲ್ಲ. ಮೊದಲು ಆ ಜಾಗದಲ್ಲಿ ಡ್ಯೂನ್ಸ್ ಅಂತ ಬೇರೆ ಹೋಟೆಲಿತ್ತು, ಅದರ ಗಾಲ್ಫ್ ಮೈದಾನದ ಹುಲ್ಲಿಗೆ ಅಂತ ಕೊರೆಸಿದ್ದ ಬಾವಿಯ ನೀರು. ವರ್ಷಕ್ಕೆ ನಾಲ್ಕು ಇಂಚು ಮಳೆ ಬೀಳುವ ಊರು.

"ಬೋರ್‌ವೆಲ್ಲಾ?" ಅಂದೆ ನಾನು, ಲೋಟ ಕೆಳಗಿಟ್ಟು. ತುಮಕೂರು ಜಿಲ್ಲೆಯವನಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೊಂದಿದೆಯೇ? "ಎಷ್ಟಡಿಗೆ ಬಿತ್ತಂತೆ? ಎಷ್ಟಿಂಚು ನೀರು?"

"ನಾನೂ ಅದನ್ನೇ ಕೇಳಿದೆ. ಮಗ ನಕ್ಕು ಸುಮ್ನಾದ."

ಅಕ್ಕ ಅತ್ತ ತೆಂಗಿನ ಬುಡಕ್ಕೆ ಪೈಪು ಬಿಡುತ್ತ, "ನಮ್ಮ ಕೆರೆ ಕೋಡಿ ಬಿದ್ದಾಗ ನೋಡ್ಬೇಕು. ಹಾಡು ಹಾಕೋದೇ ಬೇಡ," ಅಂದರು. ಮೇಷ್ಟ್ರು ಹೇಮಾವತಿ ನೀರು ಯಾರದು ಎಂಬಲ್ಲಿಗೆ ಹೋಗುವ ಮೊದಲೇ ನಾನು ಮಾತನ್ನು ಅಮೆರಿಕಕ್ಕೆ ಎಳೆದೆ.

ಕಾರಂಜಿಯ ಹಿಂದಿನ ಹೋಟೆಲಿನೊಳಗೂ ಟಿಕೆಟ್ಟಿಲ್ಲ. ಲಾಬಿಯ ಮಾಡಿನಲ್ಲಿ ಚಿಹುಲಿ ಎಂಬ ಕಲಾವಿದ ಮಾಡಿದ ಎರಡು ಸಾವಿರ ಗಾಜಿನ ಹೂಗಳು ತಲೆಕೆಳಗಾಗಿ ಅರಳಿಕೊಂಡಿವೆ. ಅದನ್ನು ದಾಟಿದರೆ ನಿಜವಾದ ಹೂವಿನ ತೋಟ, ವರ್ಷಕ್ಕೆ ಐದು ಸಲ ವೇಷ ಬದಲಿಸುತ್ತದೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ನಾವು ಕ್ಯೂ ನಿಂತು ಟಿಕೆಟ್ ತಗೊಳ್ಳುತ್ತೇವೆ, ಅಲ್ಲಿ ಯಾರೂ ಏನೂ ಕೇಳಲಿಲ್ಲ. ಇನ್ನೊಂದು ಹೋಟೆಲಿನ ಅಂಗಳದಲ್ಲಿ ಕೆಂಪು ರಾಜಹಂಸಗಳು ಒಂಟಿಕಾಲಲ್ಲಿ ನಿಂತಿದ್ದವು, ಅದೂ ಬಿಟ್ಟಿ. ಹಳೇ ಊರಿನ ಫ್ರೀಮಾಂಟ್ ಬೀದಿಗೆ 1995ರಲ್ಲೇ ಚಪ್ಪರ ಹಾಕಿದ್ದಾರೆ, ಸಾವಿರದ ಮುನ್ನೂರು ಅಡಿಗೂ ಉದ್ದ, ಚಪ್ಪರವೇ ಸಿನಿಮಾ ಪರದೆ. ಕತ್ತು ನೋವು ಬಂತು ಅನ್ನುವುದು ಬಿಟ್ಟರೆ ಆ ಬಗ್ಗೆ ಮೇಷ್ಟ್ರು ಹೆಚ್ಚು ಹೇಳಲಿಲ್ಲ.

ಅವರಿಗೆ ಹಿಡಿಸಿದ್ದು ಊರಬಾಗಿಲ ಬೋರ್ಡು. ಲಾಸ್ ವೇಗಸ್‌ಗೆ ಸುಸ್ವಾಗತ ಅನ್ನುವ ಆ ದೀಪದ ಫಲಕ ನೀವೂ ಸಿನಿಮಾದಲ್ಲಿ ನೋಡಿರುತ್ತೀರಿ. 1959ರಲ್ಲಿ ಬೆಟ್ಟಿ ವಿಲಿಸ್ ಎಂಬ ಹೆಂಗಸು ರೂಪಿಸಿದ್ದು. ಆಯಮ್ಮ ಅದರ ಹಕ್ಕನ್ನು ಕಾಯ್ದಿರಿಸಿಕೊಳ್ಳಲೇ ಇಲ್ಲ, ಊರಿಗೆ ನನ್ನದೊಂದು ಉಡುಗೊರೆ ಅಂದುಬಿಟ್ಟರು. ಇವತ್ತು ಬನಿಯನ್ನು, ಕಪ್ಪು, ಕೀಚೈನು, ಎಲ್ಲದರ ಮೇಲೂ ಅದೇ ಚಿತ್ರ. ಆ ಊರಲ್ಲಿ ನಿಜವಾಗಿ ಪುಕ್ಕಟೆ ಕೊಟ್ಟವರು ಅವರೊಬ್ಬರೇ ಎಂದು ನನ್ನ ಅಭಿಪ್ರಾಯ. ಫಲಕದ ಬೆನ್ನಿಗೆ, ಹುಷಾರಾಗಿ ಗಾಡಿ ಓಡಿಸಿ, ಬೇಗ ಮತ್ತೆ ಬನ್ನಿ ಅಂತ ಬರೆದಿದೆಯಂತೆ. ನಮ್ಮ ಊರ ಕಮಾನುಗಳ ಹಿಂದೆಯೂ ಅದೇ ಒಕ್ಕಣೆ!

ಇಷ್ಟಾದ ಮೇಲೆ ನಾನು ಕೇಳಲೇಬೇಕಾಯಿತು. "ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ ಮೇಷ್ಟ್ರೇ?"

ಅವರು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಕಾಂಪೌಂಡಿನ ಪಾಚಿಯ ಮೇಲೆ ಬೆರಳಲ್ಲಿ ಗುಂಡು ಬರೆದರು. "ರೂಲೆಟ್ ಅಂತ ಒಂದು ಚಕ್ರ. ಒಂದರಿಂದ ಮೂವತ್ತಾರು ಮನೆ. ಜೊತೆಗೆ ಒಂದು ಸೊನ್ನೆ, ಒಂದು ಜೋಡಿ ಸೊನ್ನೆ. ಒಟ್ಟು ಮೂವತ್ತೆಂಟು. ನೀವು ಎಲ್ಲ ಮನೆ ಮೇಲೂ ಒಂದೊಂದು ಡಾಲರ್ ಇಡಿ. ಮೂವತ್ತೆಂಟು ಹೋಯ್ತು. ಯಾವುದೋ ಒಂದು ಮನೆ ಬಿದ್ದೇ ಬೀಳುತ್ತೆ. ಗೆದ್ದದ್ದಕ್ಕೆ ಮೂವತ್ತೈದು, ನೀವಿಟ್ಟ ಒಂದು, ಒಟ್ಟು ಮೂವತ್ತಾರು ವಾಪಸ್ಸು. ಉಳಿದ ಎರಡು?"

"ಹೋಟೆಲಿನವನಿಗೆ."

"ಕಾರಂಜಿಗೆ!" ಅಂದರು. "ಆ ಎರಡು ಸೊನ್ನೆ ಸ್ವಾಮಿ ನೀರು ಕುಣಿಸ್ತಿರೋದು. ಕಾರಂಜಿ ಕಡೆಯಿಂದ ಹೂವಿನ ತೋಟಕ್ಕೆ ಹೋಗೋ ದಾರೀಲೂ ಜೂಜಿನ ಹಾಲ್ ಸಿಗುತ್ತೆ. ಗಡಿಯಾರ ಕಾಣಲ್ಲ, ಕಿಟಕಿ ಕಾಣಲ್ಲ. ಆಡ್ತಾ ಕೂತವರಿಗೆ ಕುಡಿಯೋದೂ ಬಿಟ್ಟಿ. ಇಪ್ಪತ್ತೊಂದು ತುಂಬದವರು ಅಲ್ಲಿ ನಿಲ್ಲೋ ಹಾಗಿಲ್ಲ. ಅದಕ್ಕೇ ನಾನು ಮೊಮ್ಮಗಳ ತಳ್ಳುಗಾಡಿ ನಾನೇ ತಳ್ತೀನಿ ಅಂತ ಇಸ್ಕೊಂಡೆ. ನಿಂತ್ರೆ ಓಡಿಸ್ತಾರಲ್ಲ, ಎಲ್ಲೂ ನಿಲ್ಲಲಿಲ್ಲ."

ಗಾಳಕ್ಕೆ ಸಿಕ್ಕಿಸಿದ ಎರೆಹುಳವನ್ನಷ್ಟೇ ತಿಂದು ಬಂದ ಮೀನು ನಮ್ಮ ಮೇಷ್ಟ್ರು.

ಹಾಗಂತ ಪೂರ್ತಿ ಪಾರಾದರು ಅನ್ನುವಂತಿಲ್ಲ. ಉಳಿದುಕೊಂಡ ಹೋಟೆಲಿನವರು ರೂಮಿನ ಬಾಡಿಗೆಯ ಮೇಲೆ ರೆಸಾರ್ಟ್ ಫೀ ಅಂತ ದಿನಕ್ಕೆ ನಲವತ್ತು ಚಿಲ್ಲರೆ ಡಾಲರ್ ಸೇರಿಸಿದ್ದರು. ಕಾರು ನಿಲ್ಲಿಸಿದ್ದಕ್ಕೆ ಬೇರೆ. ರೂಮಿನಲ್ಲಿಟ್ಟಿದ್ದ ನೀರಿನ ಬಾಟಲಿಯನ್ನು ಅಕ್ಕ ಬಿಟ್ಟಿಯದೆಂದು ಕುಡಿದರು, ಬಿಲ್ಲಿನಲ್ಲಿ ಆರು ಡಾಲರ್ ಬಂತು. ಮತ್ತೆ, ಮಗ ಆಸೆ ತೋರಿಸಿದ್ದ ಬೆಂಕಿ ಬೆಟ್ಟ ಇರಲೇ ಇಲ್ಲ. ಮಿರಾಜ್ ಹೋಟೆಲಿನ ಮುಂದೆ 1989ರಿಂದ ರಾತ್ರಿ ರಾತ್ರಿ ಪುಕ್ಕಟೆ ಉರಿಯುತ್ತಿದ್ದ ಕೃತಕ ಜ್ವಾಲಾಮುಖಿ, 2024ರ ಜುಲೈನಲ್ಲಿ ಹೋಟೆಲಿನ ಜೊತೆಗೇ ಆರಿಹೋಯಿತು.

"ನಮ್ಮ ಗುಬ್ಬಿ ವೀರಣ್ಣನವರ ಕಂಪನಿ ನೋಡಿದ್ರೆ ಆ ವೇಗಸ್‌ನವರೆಲ್ಲ ಏನು ಹೇಳ್ತಿದ್ರೋ," ಎಂದರು ಮೇಷ್ಟ್ರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ. ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಮೇಷ್ಟ್ರ ತಂದೆಗೆ ಟಿಕೆಟಿಗೆ ಕಾಸಿರಲಿಲ್ಲ. ಥಿಯೇಟರಿನ ಹಿಂದೆ ಆನೆ ಕಟ್ಟುತ್ತಿದ್ದಲ್ಲಿಗೆ ಹೋಗಿ, ಅದು ಮೇವು ತಿನ್ನುವುದನ್ನು ನೋಡಿಕೊಂಡು, ಒಳಗಿನ ಕಂದಗಳನ್ನು ಕೇಳಿಸಿಕೊಂಡು ಬರುತ್ತಿದ್ದರಂತೆ. ಬಿಟ್ಟಿ ನೋಡುವುದು ಆ ಮನೆಯಲ್ಲಿ ಎರಡನೇ ತಲೆಮಾರು.

"ಅಕ್ಕಾ, ನೀವೂ ಏನೂ ಆಡ್ಲಿಲ್ವಾ?" ಎಂದೆ. "ಕುಣಿಗಲ್ಲಿನವರು ನೀವು. ಟಿಪ್ಪು ಕಾಲದಿಂದ ಕುದುರೆ ಫಾರಂ ಇರೋ ಊರು."

"ನಮ್ಮೂರವರಿಗೆ ರೇಸಿನ ಕುದುರೆ ಸಾಕಿ ಗೊತ್ತು, ಬೆಟ್ಟು ಕಟ್ಟಿ ಗೊತ್ತಿಲ್ಲ," ಅಂದರು ಅಕ್ಕ.

ಮೇಷ್ಟ್ರು ಕೆಮ್ಮಿದರು. ಅಕ್ಕ ಪೈಪನ್ನು ಪಕ್ಕದ ಗಿಡಕ್ಕೆ ಎಳೆದರು. ಸ್ವಲ್ಪ ಹೊತ್ತಾದ ಮೇಲೆ, ನನ್ನ ಕಡೆ ನೋಡದೆ ಹೇಳಿದರು. "ಹೊರಡೋ ದಿನ ಒಂದು ಮೆಷಿನ್ನಿಗೆ ಒಂದು ಡಾಲರ್ ಹಾಕ್ದೆ. ಗುಂಡಿ ಒತ್ತಿದೆ. ನುಂಗ್ಕೊಂಡ್ತು."

"ಎಂಬತ್ತು ತೊಂಬತ್ತು ರೂಪಾಯಿ!" ಎಂದರು ಮೇಷ್ಟ್ರು. ಈ ಮಾತು ವಿಮಾನದಲ್ಲೂ ನಡೆದಿರಬೇಕು.

"ಇರ್ಲಿ ಬಿಡ್ರೀ. ಸಿದ್ಧಗಂಗೇಲಿ ಊಟ ಮಾಡಿ ಬಂದ್ರೆ ಮುಂದಿನ ಸುಗ್ಗೀಲಿ ಒಂದು ಮೂಟೆ ರಾಗಿ ಕಳಿಸಲ್ವಾ? ಮೂರು ಸಂಜೆ ಕಾರಂಜಿ ನೋಡಿದ್ವಿ. ಹುಂಡಿಗೆ ಹಾಕ್ದೆ ಅಂದ್ಕೊಂಡೆ."

ಮೇಷ್ಟ್ರು ಪಾಚಿಯ ಮೇಲೆ ಬರೆದ ಚಕ್ರವನ್ನು ಅಂಗೈಯಲ್ಲಿ ಒರೆಸಿ ಒಳಗೆ ಹೋದರು.

ಮಕ್ಕಳು ಆ ಕಡೆ ಇದ್ದು ನೀವೂ ಹೋಗುವವರಿದ್ದರೆ ಅಕ್ಕ ಹೇಳಿದ್ದು ಇಷ್ಟು: ಕಾರಂಜಿ ರಾತ್ರಿ ಹೊತ್ತು ಕಾಲು ಗಂಟೆಗೊಂದು ಆಟ, ಗಾಳಿ ಜೋರಾಗಿದ್ದರೆ ನಿಲ್ಲಿಸುತ್ತಾರೆ. ರೂಮಿನಲ್ಲಿಟ್ಟ ನೀರು ಮುಟ್ಟಬೇಡಿ, ಬಾಟಲಿ ಹೊರಗಿನಿಂದಲೇ ತಗೊಂಡು ಹೋಗಿ.